ಭಾಲ್ಕಿಯ ಸುಳ್ಳು ಮಳೆ

ಕುದುರೆಯ ಮುಂಗಾಲನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಪೊಲೀಸ್ ಅಮೀನ ಮನ್ಮಥಪ್ಪ ಗೊರಸಿನ ಸಂದಿಯಲ್ಲಿ ಬೆರಳಾಡಿಸಿದ. ಬೆರಳಿಗೆ ಹತ್ತಿದ್ದು ಕೆಂಪು ಮಣ್ಣು. ಉಗುರಿನಿಂದ ಇನ್ನಷ್ಟು ಕೆದಕಿದ. ಒಳಗೂ ಕೆಂಪೇ.

ಕಾಲನ್ನು ಕೆಳಗಿಳಿಸಿದ. ಕುದುರೆಯ ಕೊರಳು ತಟ್ಟಿ ಬೀದರದ ಸರಕಾರಿ ಬಂಗಲೆಯ ಕಟ್ಟೆಯ ಕಡೆ ತಿರುಗಿದ.

ಅಲ್ಲಿ ರಶೀದ ಅಹ್ಮದ ತಗಡಿನ ಡಬ್ಬಿಯ ಬಾಯಿಗೆ ಮೇಣದ ಬಟ್ಟೆ ಸುತ್ತುತ್ತಿದ್ದ. ಹೈದರಾಬಾದಿನಿಂದ ಬಂದ ಸರಕಾರಿ ರಸಾಯನ ಪಂಡಿತ ಅವನು. ಹುಟ್ಟಿದ್ದು ರಾಯಚೂರಿನ ಕಡೆ, ವಯಸ್ಸಿನ್ನೂ ಎಳೆಯದು, ಮೈ ಸಣಕಲು. ಯಾರ ಮುಖವನ್ನೂ ನೋಡದೆ ಮೆಲ್ಲಗೆ, ಹೆಣಕ್ಕೆ ಬಟ್ಟೆ ಹೊದಿಸುವವನ ಹಾಗೆ ಸುತ್ತುತ್ತಿದ್ದ.

ಭಾಲ್ಕಿಗೆ ನಿನ್ನೆ ಸಂಜೆ ಜೋರು ಮಳೆ ಬಿದ್ದಿದೆ ಎಂಬ ಸುದ್ದಿಯನ್ನು ಸವಾರ ಹಾವಗೆಪ್ಪ ಈಗಷ್ಟೇ ತಂದು ಹಾಕಿದ್ದ. ಆ ಒಂದು ಮಾತಿಗೆ ಇಡೀ ಬೇಸಿಗೆಯ ತಯಾರಿ ಮಣ್ಣುಪಾಲಾಗಿತ್ತು.

ಹೋದ ವರ್ಷ ಮುಂಗಾರಿನ ಬೆನ್ನಿಗೇ ಬೀದರದ ಹುಣಸೆ ಓಣಿಯಲ್ಲಿ ವಾಂತಿಭೇದಿ ಎದ್ದು ಮನೆಮನೆಯಲ್ಲೂ ಸಾವಾಗಿತ್ತು. ಆ ವಿಷ ಯಾವ ಹೊಲಸು ಗುಂಡಿಯಿಂದ ಓಣಿಯ ಬಾವಿಗೆ ಇಳಿಯಿತೆಂದು ಹುಡುಕಲು ಬಂದ ರಶೀದ ಅಹ್ಮದನ ನಕಾಶೆಯನ್ನು ಯಾರೋ ಸುಟ್ಟಿದ್ದರು, ನೀರಿನ ಸುರಂಗಕ್ಕೆ ಇಳಿಯುವ ಹಗ್ಗವನ್ನು ಕೊಯ್ದಿದ್ದರು. ಅದಕ್ಕೇ ಮನ್ಮಥಪ್ಪನನ್ನು ಈ ಕೆಲಸಕ್ಕೆ ಹಾಕಿದ್ದರು.

ಡಬ್ಬಿಯಲ್ಲಿದ್ದದ್ದು ಬಣ್ಣದ ಪುಡಿ. ಒಣಗಿದ್ದಾಗ ಇಟ್ಟಿಗೆಯ ಪುಡಿಯಂತೆ ಕಾಣುವ ಅದು ನೀರು ಸೇರಿತೆಂದರೆ ಗಿಳಿಯ ರೆಕ್ಕೆಯಂತೆ ಹಸಿರಾಗುತ್ತದೆ. ಗುಂಡಿಗೆ ಸುರಿದ ಬಣ್ಣ ಬಾವಿಯಲ್ಲಿ ಕಂಡರೆ ಎರಡಕ್ಕೂ ನೆಲದೊಳಗೆ ನಂಟಿದೆ ಎಂದೇ ಅರ್ಥ. ಅಷ್ಟು ಸಾಕ್ಷಿ ಸಿಕ್ಕದೆ ಬಾವಿ ಮುಚ್ಚಲು ಕಚೇರಿ ಒಪ್ಪುವುದಿಲ್ಲ. ಓಣಿಗೆ ಇರುವುದು ಅದೊಂದೇ ಬಾವಿ.

ಕಷ್ಟವಿದ್ದದ್ದು ದಿನ ಗೊತ್ತುಮಾಡುವುದರಲ್ಲಿ. ಬಾವಿಗಳಿಗೆ ನೀರು ತರುವ, ಊರ ಕೆಳಗಿನ ಹಳೆಯ ಸುರಂಗದಲ್ಲಿ ನೀರು ನೂಲಿನ ಎಳೆಯಷ್ಟು ಇಳಿದಾಗ ಮಾತ್ರ ಬಣ್ಣ ಕಲಸಿಹೋಗದೆ ಹಾದಿ ತೋರಿಸುತ್ತದೆ. ನೀರು ಅಷ್ಟು ಇಳಿಯುವುದು ಬೇಸಿಗೆಯ ತುದಿಗೆ. ಮಳೆಗೆ ಹತ್ತಿರವಾದಷ್ಟೂ ಒಳ್ಳೆಯದು. ಆದರೆ ಒಂದು ಮಳೆ ಬಿದ್ದು ಎಲ್ಲ ಕಡೆಯಿಂದ ರಾಡಿ ನುಗ್ಗಿತೋ, ಮತ್ತೆ ಬರುವ ಬೇಸಿಗೆಯೇ ಗತಿ. ಅಷ್ಟರಲ್ಲಿ ಓಣಿಯ ಜನ ಅದೇ ನೀರು ಕುಡಿದಿರುತ್ತಾರೆ.

ರೋಹಿಣಿ ಮಳೆಯನ್ನು ನಂಬುವುದು ಹೇಗೆ? ಎತ್ತಿನ ಒಂದು ಕೊಂಬು ತೋಯಿಸಿ ಇನ್ನೊಂದನ್ನು ಒಣಗಿಸುವ ಮಳೆ ಅದು. ಅದಕ್ಕಾಗಿ ರಶೀದ ಅಹ್ಮದ ಎರಡು ದಿಕ್ಕಿಗೆ ಕಣ್ಣು ಇಟ್ಟಿದ್ದ. ಮಳೆ ಹೆಚ್ಚಾಗಿ ಏರಿ ಬರುವುದು ಭಾಲ್ಕಿಯ ಕಡೆಯಿಂದ. ಅಲ್ಲಿಗೆ ಕುದುರೆಯ ಮೇಲೆ ಹಾವಗೆಪ್ಪ. ಇನ್ನೊಂದು ಕಣ್ಣು ಔರಾದಿನಲ್ಲಿ, ಮಿಶನ್ ಸಾಲೆಯ ಮಾಸ್ತರಿಣಿ ಜ್ಞಾನಮ್ಮ. ಆಕೆಯ ಮಾತು ಸುದ್ದಿ ಒಯ್ಯುವ ಹರಕಾರನ ಬಾಯಲ್ಲಿ ಬರುತ್ತಿತ್ತು. ಭಾಲ್ಕಿಗೆ ಮಳೆ ಬಿದ್ದರೆ ಡಬ್ಬಿ ತೆರೆಯಬಾರದು. ರಶೀದ ಅಹ್ಮದ ತಾನೇ ಮಾಡಿಕೊಂಡ ನಿಯಮ ಅದು.

ಮನ್ಮಥಪ್ಪ ಕಟ್ಟೆಯ ಹತ್ತಿರ ಹೋಗಿ, ಗಂಟು ಬಿಗಿಯುವುದಕ್ಕೆ ಅವಸರ ಬೇಡ, ಒಂದು ಚಹಾ ಕುಡಿಯುವಷ್ಟು ಹೊತ್ತು ತಡೆಯಿರಿ ಎಂದ. ಬೇವಿನ ಮರದ ಕೆಳಗೆ ಕುಳಿತಿದ್ದ ಹಾವಗೆಪ್ಪನ ಬಳಿಗೆ ಬೆಲ್ಲದ ತುಂಡನ್ನೂ ನೀರಿನ ತಂಬಿಗೆಯನ್ನೂ ಹಿಡಿದು ನಡೆದ.

ಹಾವಗೆಪ್ಪ ಭಾಲ್ಕಿಯವನು. ಕಟ್ಟುಮಸ್ತಾದ ಆಳು, ಮಾತು ಕಡಿಮೆ. ಅಮೀನ ತಾನೇ ನೀರು ತಂದುಕೊಟ್ಟದ್ದು ಅವನಿಗೆ ಸರಿಕಾಣಲಿಲ್ಲ. ಎದ್ದು ನಿಂತ.

"ಕೂಡು, ಕೂಡು. ಕುದರಿ ಬಾಳ ದಣದಾದಲ್ಲೋ."

"ಹೌದ್ರಿ ಸಾಹೇಬ್ರ. ಹಾದಿ ತುಂಬ ರಾಡಿ ಅದರಿ."

"ಎಂಥಾ ರಾಡಿ?"

"ಮೊಣಕಾಲ ಮಟ ಎರಿ ರಾಡಿರಿ."

ಮನ್ಮಥಪ್ಪ ಅವನ ಪಕ್ಕದಲ್ಲೇ ಬೇರಿನ ಮೇಲೆ ಕುಳಿತ. ದೊಡ್ಡ ದೇಹ, ಮೆಲು ದನಿ. ಕಳ್ಳರನ್ನು ಹೊಡೆದು ಬಾಯಿ ಬಿಡಿಸುವುದು ಅವನಿಗೆ ಒಗ್ಗುತ್ತಿರಲಿಲ್ಲ. ಹೊಡೆತಕ್ಕೆ ಬಂದ ಮಾತು ಹೊಡೆತ ನಿಂತ ಮೇಲೆ ತಿರುಗುತ್ತದೆ ಎಂಬುದು ಅವನ ಅನುಭವ.

"ನಾ ಕಮಲನಗರದಾಂವ," ಎಂದ. "ಎರಿ ಹೊಲದಾಗ ಬಿದ್ದು ಎದ್ದು ಬೆಳದೀನಿ. ಎರಿ ಹಸಿ ಆತಂದ್ರ ಎತ್ತಿನ ಕಾಲೂ ಬಿಡಾಂಗಿಲ್ಲ, ಮನಷ್ಯಾನ ಕಾಲೂ ಬಿಡಾಂಗಿಲ್ಲ. ನಿನ್ನ ಕುದರಿ ಗೊರಸಿನಾಗ ಕರಿ ಮಣ್ಣಿನ ಕಣಾನೂ ಇಲ್ಲ. ಬರೇ ನಮ್ಮ ಬೀದರದ ಕೆಂಪು ಮಣ್ಣು."

ಹಾವಗೆಪ್ಪ ತಂಬಿಗೆಯನ್ನು ಕೆಳಗಿಟ್ಟ. ಉತ್ತರ ತಯಾರಿತ್ತು.

"ಘಾಟಿನ ಕೆಳಗ ಹಳ್ಳದಾಗ ತೊಳದೀನ್ರಿ. ಏರಿ ಬರೂಮುಂದ ಕೆಂಪು ಹತ್ಯಾದ."

ಒಪ್ಪುವಂಥ ಮಾತೇ. ಬೇರೆ ಅಮೀನನಾಗಿದ್ದರೆ ಅಲ್ಲಿಗೇ ಬಿಡುತ್ತಿದ್ದ. ಮನ್ಮಥಪ್ಪ ತಲೆಯಾಡಿಸಿ, ಜೀನಿನ ಮೇಲೆ ಮಡಚಿ ಇಟ್ಟಿದ್ದ ಕಂಬಳಿಯನ್ನು ಎಳೆದು ತೊಡೆಯ ಮೇಲೆ ಹರವಿಕೊಂಡ. ಮಳೆಯಲ್ಲಿ ರಾತ್ರಿಯೆಲ್ಲ ಬಂದವನ ಕಂಬಳಿ ನೆನೆದು ಭಾರವಾಗಿರಬೇಕು. ಇದು ಹಪ್ಪಳದಂತೆ ಒಣಗಿತ್ತು. ಅಷ್ಟೇ ಅಲ್ಲ, ಅದರಿಂದ ಒಂದು ವಾಸನೆ ಬರುತ್ತಿತ್ತು. ಮನ್ಮಥಪ್ಪ ಮೂಗಿಗೆ ಹಿಡಿದ. ಅಜವಾನ, ಬೆಳ್ಳುಳ್ಳಿ ಸಿಪ್ಪೆ, ಕೆಂಡದ ಮೇಲೆ ಹಾಕಿದ ಹೊಗೆ. ತನ್ನ ಮನೆಯಲ್ಲೇ ನಾಲ್ಕು ಸಲ ಮೂಸಿದ ಹೊಗೆ.

ಕಂಬಳಿಯನ್ನು ಮತ್ತೆ ಮಡಚಿ ಜಾಗಕ್ಕಿಟ್ಟ.

"ಗಂಡೋ, ಹೆಣ್ಣೋ?"

ಹಾವಗೆಪ್ಪನ ಕಿವಿಗಳು ಕೆಂಪಗಾದವು.

"ಹೆಣ್ಣರಿ," ಎಂದ.

"ಬಾಣಂತಿ ಆರಾಮ ಅದಾಳ?"

"ಆರಾಮ ಅದಾಳ್ರಿ." ಅಷ್ಟು ಹೇಳುವಷ್ಟರಲ್ಲಿ ಆ ದೊಡ್ಡ ಆಳಿನ ಕಣ್ಣು ತುಂಬಿದ್ದವು.

ಆಮೇಲೆ ಎಲ್ಲವೂ ತಾನಾಗಿಯೇ ಹೊರಬಂತು. ಹೆಂಡತಿ ಚೊಚ್ಚಲ ಬಸುರಿ, ತವರು ಮನ್ನಳ್ಳಿಯಲ್ಲಿದ್ದಳು. ಹಾವಗೆಪ್ಪ ರಜೆ ಕೇಳಿದ್ದ. ಮಳೆ ಬಂದು ಕೆಲಸ ಮುಗಿದ ಮೇಲೆ ಹೋಗು ಎಂದು ಬಂಗಲೆಯಲ್ಲಿ ಹೇಳಿದ್ದರು. ನಿನ್ನೆ ಭಾಲ್ಕಿಗೆ ಹೊರಟವನನ್ನು ಘಾಟಿನ ತಲೆಯಲ್ಲಿ ಒಬ್ಬ ಕುದುರೆಯವನು ತಡೆದ. ತಾನು ಈಗ ಭಾಲ್ಕಿಯಿಂದಲೇ ಬರುತ್ತಿದ್ದೇನೆ, ಅಲ್ಲಿ ಆಕಾಶ ಹರಿದು ಬಿದ್ದಿದೆ, ನೀನು ಹೋಗಿ ನೋಡುವುದು ಏನೂ ಉಳಿದಿಲ್ಲ ಎಂದ. ನಿನ್ನ ಹೆಂಡತಿಗೆ ಬೇನೆ ಸುರುವಾಗಿದೆಯಂತೆ, ಮನ್ನಳ್ಳಿಗೆ ಹೋಗು, ನಾಳೆ ಬೆಳಿಗ್ಗೆ ಸಾಹೇಬನಿಗೆ ಮಳೆಯ ಸುದ್ದಿ ಮುಟ್ಟಿಸಿದರಾಯಿತು ಎಂದ. ಹಾವಗೆಪ್ಪ ಕುದುರೆಯ ಮುಖ ತಿರುಗಿಸಿದ. ಮನ್ನಳ್ಳಿ ಮುಟ್ಟಿದಾಗ ಒಳಗಿನಿಂದ ಕೂಸಿನ ಅಳು ಕೇಳುತ್ತಿತ್ತು.

"ಅಂವ ನಿನ್ನ ಹೆಸರು ಹಿಡದು ಕರದ್ನೇನು?"

"ಹೌದ್ರಿ."

"ನಿನ್ನ ಹೆಂಡತಿ ಸುದ್ದಿ ಅವಂಗ ಹ್ಯಾಂಗ ಗೊತ್ತು?"

ಹಾವಗೆಪ್ಪ ಹುಬ್ಬು ಗಂಟಿಕ್ಕಿದ. ಆ ಪ್ರಶ್ನೆ ಅವನ ತಲೆಗೆ ಈಗ ಮೊದಲ ಸಲ ಬಂದಂತಿತ್ತು. ಬಂಗಲೆಯವರ ಮುಂದೆ ಬಿಟ್ಟರೆ ಬೇರೆ ಯಾರ ಮುಂದೆಯೂ ಹೇಳಿರಲಿಲ್ಲ ಎಂದ. ಆ ಮನುಷ್ಯನ ಗುರುತು ಕೇಳಿದರೆ, ರುಮಾಲು ಮುಖದ ತುಂಬ ಸುತ್ತಿದ್ದ, ಆದರೆ ನಕ್ಕಾಗ ಮುಂದಿನ ಒಂದು ಹಲ್ಲು ಬೆಳ್ಳಿಯದು ಎಂದ.

ಬೀದರದ ಬಾಜಾರದಲ್ಲಿ ಬೆಳ್ಳಿ ಹಲ್ಲಿನವನು ಒಬ್ಬನೇ. ಶಿವರಾಜಪ್ಪ ಸಾವಕಾರನ ಮುಸಾಫರಖಾನೆಯ ಗುಮಾಸ್ತ. ಊರ ಮೇಲ್ಗಡೆ ಬಂಡಿಯವರು ಇಳಿದುಕೊಳ್ಳುವ ದೊಡ್ಡ ಛತ್ರ ಅದು. ಅದರ ಹಿಂದೆ ದೇಶಾಂತರದ ಜನರ ಹೊಲಸೆಲ್ಲ ಸೇರುವ ಗುಂಡಿ. ರಶೀದ ಅಹ್ಮದನ ಸಂಶಯದ ಗುಂಡಿಗಳಲ್ಲಿ ಅದೇ ಮೊದಲನೆಯದು.

ಹಾವಗೆಪ್ಪ ಎರಡೂ ಕೈಗಳನ್ನು ಮುಂದಕ್ಕೆ ಚಾಚಿ ನಿಂತಿದ್ದ, ಬೇಡಿಗೆ. ಮನ್ಮಥಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದ. ಮಗಳ ಮುಖ ನೋಡಲು ಹೋದವನನ್ನು ಒಳಗೆ ಹಾಕಿ ಏನು ಸಾಧಿಸುವುದು?

"ಸುಳ್ಳು ಮಳಿ ತಂದಿದ್ದಿ. ಈಗ ಖರೇ ಮಳಿ ಕಾಯಾಕ ಹೋಗು," ಎಂದ. "ಘಾಟಿನ ತಲಿ ಮ್ಯಾಲ ನಿಂದ್ರು. ಭಾಲ್ಕಿ ಕಡಿಯಿಂದ ಮಳಿ ಏರಿ ಬರೂದು ಕಣ್ಣಿಗೆ ಬಿತ್ತಂದ್ರ ಹಸಿ ಹುಲ್ಲಿಗಿ ಬೆಂಕಿ ಹಚ್ಚಿ ಹೊಗಿ ಎಬ್ಬಸು. ಯಾರು ಬಂದು ಏನ ಹೇಳಿದ್ರೂ ಅಲ್ಲಿಂದ ಕದಲಬ್ಯಾಡ."

ಹಾವಗೆಪ್ಪ ಬಗ್ಗಿ ಅಮೀನನ ಪಾದ ಮುಟ್ಟಿದವನು ಹಾಗೇ ಕುದುರೆ ಏರಿದ.

ಸುದ್ದಿ ಸುಳ್ಳೆಂದು ತಿಳಿದಾಗ ರಶೀದ ಅಹ್ಮದನ ಮುಖದಲ್ಲಿ ಮೊದಲು ಬಂದದ್ದು ಸಿಟ್ಟು. ಅವನು ಸವಾರನನ್ನು ಬೈದು ಮುಗಿಸುವ ಮೊದಲೇ ಔರಾದಿನ ಹರಕಾರ ಧೂಳು ಮೆತ್ತಿಕೊಂಡು ಅಂಗಳಕ್ಕೆ ಬಂದ. ಜ್ಞಾನಮ್ಮ ಹೇಳಿ ಕಳಿಸಿದ್ದು ಇಷ್ಟು: ಔರಾದಿನಲ್ಲಿ ಹನಿ ಬಿದ್ದಿಲ್ಲ. ಆದರೆ ಇಷ್ಟು ದಿನ ಬೀಸುತ್ತಿದ್ದ ಗಾಳಿ ಸತ್ತಂತೆ ನಿಂತಿದೆ, ಗುಬ್ಬಿಗಳು ಧೂಳಲ್ಲಿ ಹೊರಳುತ್ತಿವೆ, ಭಾಲ್ಕಿಯ ದಿಕ್ಕಿಗೆ ಮೋಡ ಗುಡ್ಡದ ಹಾಗೆ ಎದ್ದಿದೆ. ಸಂಜೆಯ ತನಕ ತಡೆದರೆ ದೇವರ ದಯೆ.

ಮಳೆ ಬಿದ್ದಿಲ್ಲ ನಿಜ. ಆದರೆ ಬರುವುದಂತೂ ಖಚಿತ.

ರಶೀದ ಅಹ್ಮದ ಅತ್ತಿತ್ತ ಅಡ್ಡಾಡತೊಡಗಿದ. ತಾನು ಲೆಕ್ಕ ಹಾಕಿದ್ದು ಪೂರ್ತಿ ಒಂದು ಹಗಲು ಒಂದು ರಾತ್ರಿಗೆ. ಸುರಂಗದ ತಲೆಯಿಂದ ಸುರುಮಾಡಿ ಗುಂಡಿ ಗುಂಡಿಗೂ ಬೇರೆ ಬೇರೆ ಪರೀಕ್ಷೆ ಮಾಡಬೇಕಿತ್ತು. ಈಗ ಅರ್ಧ ದಿನವೂ ಇಲ್ಲ. ಇರುವುದು ಒಂದೇ ಡಬ್ಬಿ. ಅರ್ಧಂಬರ್ಧ ಮಾಡಿ ಬಣ್ಣ ಕಾಣದಿದ್ದರೆ ಹೈದರಾಬಾದಿನಲ್ಲಿ ನಗುತ್ತಾರೆ. ಇನ್ನೊಂದು ಬೇಸಿಗೆ ಕಾದರೆ ಸರಿಯಾಗಿ ಮಾಡಬಹುದು ಎಂದ.

ಆಗ ಮಾತಾಡಿದವಳು ಇವಾಂಜಲಿನ. ಮಿಶನ್ ದವಾಖಾನೆಯ ನರ್ಸಮ್ಮ, ಬಿಳಿ ಸೀರೆ, ನೆರೆತ ಕೂದಲನ್ನು ಬಿಗಿದು ಕಟ್ಟಿದ ಗಂಟು. ಹೋದ ವರ್ಷ ಹುಣಸೆ ಓಣಿಯಲ್ಲಿ ಸತ್ತವರ ಕಣ್ಣು ಮುಚ್ಚಿಸಿದ ಕೈ ಆಕೆಯದು. ಇಷ್ಟು ಹೊತ್ತು ಕಂಬಕ್ಕೆ ಒರಗಿ ಸುಮ್ಮನೆ ಕೇಳುತ್ತಿದ್ದಳು.

"ಸಾಹೇಬ್ರ, ಬರೋ ಬ್ಯಾಸಗಿಗಿ ಪರೀಕ್ಷಾ ಇನ್ನೂ ಛಲೋ ಆಗಬಹುದ್ರಿ. ಆದ್ರ ಈ ಮಳಿಗಾಲದಾಗ ಸಾಯೋರು ಅಷ್ಟು ದಿನ ತಡೀತಾರೇನ್ರಿ?"

ರಶೀದ ಅಹ್ಮದ ಕಟ್ಟೆಯ ಮೇಲೆ ಕುಳಿತು ಎರಡೂ ಅಂಗೈಯಿಂದ ಕಣ್ಣು ಒತ್ತಿಕೊಂಡ. ಆಮೇಲೆ ಇದ್ದಿಲಿನ ತುಂಡು ಎತ್ತಿಕೊಂಡು ನೆಲದ ಕಲ್ಲಿನ ಮೇಲೆಯೇ ಗೆರೆ ಎಳೆದ. ಮೇಲೆ ಮುಸಾಫರಖಾನೆ, ಕೆಳಗೆ ಓಣಿಯ ಬಾವಿ, ನಡುವೆ ಸುರಂಗ. ಉಳಿದ ಗುಂಡಿಗಳನ್ನೆಲ್ಲ ಬಿಟ್ಟುಬಿಡೋಣ ಎಂದ. ಎಲ್ಲವನ್ನೂ ತಿಳಿಯುವ ಆಸೆ ಬೇಡ, ಒಂದೇ ಒಂದು ಪ್ರಶ್ನೆ ಕೇಳೋಣ. ಇಡೀ ಡಬ್ಬಿಯನ್ನು ಮುಸಾಫರಖಾನೆಯ ಗುಂಡಿಗೇ ಸುರಿದು, ಮೇಲಿನಿಂದ ಪಖಾಲಿಯವರ ಕೈಯಲ್ಲಿ ನೀರು ಹೊಯ್ಯಿಸಿ ತಳ್ಳಿದರೆ, ಮಳೆಗಿಂತ ಮೊದಲು ಉತ್ತರ ಸಿಕ್ಕೀತು. ಹೌದು ಅಥವಾ ಅಲ್ಲ.

ಮೇಣದ ಬಟ್ಟೆಯ ಗಂಟನ್ನು ಅವನು ಹಲ್ಲಿನಿಂದ ಕಚ್ಚಿ ಬಿಚ್ಚಿದ. ಹೆದರಿಕೆಯೋ ಹುರುಪೋ, ಮನ್ಮಥಪ್ಪನಿಗೆ ತಿಳಿಯಲಿಲ್ಲ.

ಮುಸಾಫರಖಾನೆಯ ಬಾಗಿಲಲ್ಲಿ ಜಗಳವಾಗುತ್ತದೆಂದು ಮನ್ಮಥಪ್ಪ ಇಬ್ಬರು ಜವಾನರನ್ನು ಜೊತೆಗೆ ಕರೆದೊಯ್ದಿದ್ದ. ಶಿವರಾಜಪ್ಪ ಆಗತಾನೇ ಪೂಜೆ ಮುಗಿಸಿ ಹಣೆತುಂಬ ವಿಭೂತಿಯಲ್ಲಿ ಹೊರಬಂದ. ಅಮೀನ ಸುತ್ತು ಬಳಸದೆ ಕೇಳಿದ. ನಿಮ್ಮ ಗುಮಾಸ್ತ ನಿನ್ನೆ ಘಾಟಿನಲ್ಲಿ ಸರಕಾರಿ ಸವಾರನನ್ನು ತಡೆದದ್ದು ಯಾಕೆ?

ಮುದುಕನಿಗೆ ನಿಜಕ್ಕೂ ಅಚ್ಚರಿಯಾಯಿತು. ಆ ಬೆಳ್ಳಿ ಹಲ್ಲಿನವನು ತನ್ನ ಚಾಕರಿ ಬಿಟ್ಟು ದಸರೆಯಿಂದ ಈಚೆ ಅಜೀಜಾ ಬೇಗಂ ಅವರ ಹವೇಲಿ ಸೇರಿದ್ದಾನೆ, ಈ ಕಡೆ ಮುಖ ಹಾಕಿಲ್ಲ ಎಂದ. ಬಂಡಿಯವರು ನಾಲ್ಕಾರು ಜನ ಅದಕ್ಕೆ ಹೂಂಗುಟ್ಟಿದರು.

ಹವೇಲಿ ಎಂದರೆ ಮುಸಾಫರಖಾನೆಗೂ ಹುಣಸೆ ಓಣಿಗೂ ನಡುವೆ ಎತ್ತರದ ಗೋಡೆ ಕಟ್ಟಿಕೊಂಡು ನಿಂತಿದ್ದ ಹಳೆಯ ಮನೆ. ಗಂಡಸರ ಕಾಲು ಒಳಂಗಳಕ್ಕೆ ಬೀಳುವಂತಿರಲಿಲ್ಲ. ವಿಧವೆ ಬೇಗಂಳಿಗೂ ಹೊಲಸು ಗುಂಡಿಗೂ ಏನು ಸಂಬಂಧ? ಮನ್ಮಥಪ್ಪ ಆ ಪ್ರಶ್ನೆಯನ್ನು ಮನಸ್ಸಿನಲ್ಲೇ ಇಟ್ಟುಕೊಂಡು, ನಿಮ್ಮ ಗುಂಡಿಗೆ ಬಣ್ಣ ಸುರಿಯಬೇಕಾಗಿದೆ, ಬಾವಿಯಲ್ಲಿ ಕಂಡರೆ ತಪ್ಪು ನಿಮ್ಮ ತಲೆಗೆ ಬರುತ್ತದೆ ಎಂದ.

ಶಿವರಾಜಪ್ಪ ಕೊರಳಲ್ಲಿದ್ದ ಕರಡಿಗೆಯ ಮೇಲೆ ಕೈಯಿಟ್ಟ.

"ಹೋದ ವರ್ಷದಿಂದ ದಿನಾ ಮುಂಜಾನಿ ಲಿಂಗ ಅಂಗೈಯಾಗ ಹಿಡಕೊಂಡಾಗ ಅದೇ ವಿಚಾರ ಬರ್ತದರಿ. ನನ್ನ ಗುಂಡಿ ನೀರೇ ಆ ಕೂಸುಗಳ ಜೀವಾ ತಗೊಂಡಿತೇನು ಅಂತ. ಸುರೀರಿ. ಹೌದಾದ್ರ ಹೌದು. ಗೊತ್ತಿಲ್ಲದ ಪಾಪ ಹೊತಗೊಂಡು ನಾ ಎಷ್ಟು ದಿನ ಕೂಡ್ಲಿ?"

ರಶೀದ ಅಹ್ಮದ ಮುದುಕನನ್ನು ಒಂದು ಕ್ಷಣ ದಿಟ್ಟಿಸಿ ನೋಡಿ, ತಲೆ ತಗ್ಗಿಸಿ ಸಲಾಮು ಮಾಡಿದ. ತೋಳು ಮಡಚಿ ಗುಂಡಿಯ ಅಂಚಿಗೆ ಹೋದ.

ಇಟ್ಟಿಗೆ ಬಣ್ಣದ ಪುಡಿ ಬಿದ್ದಲ್ಲಿ ನೀರು ಉರಿಯುವಂತೆ ಹಸಿರಾಯಿತು. ನೋಡಲು ಬಂದ ಬಂಡಿಯವರು ಹಿಂದಕ್ಕೆ ಸರಿದರು. ಪಖಾಲಿಯವರು ಒಬ್ಬರ ಹಿಂದೊಬ್ಬರು ಚರ್ಮದ ಚೀಲ ಬಗ್ಗಿಸಿ ನೀರು ಹೊಯ್ದರು. ಹಸಿರು ಸುತ್ತಿತು, ಸುಳಿಯಾಯಿತು, ಕಲ್ಲಿನ ಬಿರುಕು ಹಿಡಿದು ನೆಲದೊಳಗೆ ಇಳಿಯಿತು.

ಇನ್ನು ಕಾಯುವ ಕೆಲಸ.

ಹುಣಸೆ ಓಣಿಯ ಬಾವಿಯ ಸುತ್ತ ಜನ ಸೇರಿದ್ದರು. ಇವಾಂಜಲಿನ ದವಾಖಾನೆಯಿಂದ ಬಿಳಿಯ ಬೋಗುಣಿ ತರಿಸಿ ಕಟ್ಟೆಯ ಮೇಲಿಟ್ಟಿದ್ದಳು. ಆಗಾಗ ಒಂದು ಕೊಡ ಸೇದಿ ಅದರಲ್ಲಿ ಸುರಿದು, ಬಗ್ಗಿ ನೋಡಿ, ಚೆಲ್ಲುವಳು. ನೀರು ತಿಳಿಯಾಗಿತ್ತು. ಮತ್ತೆ ಸೇದಿದಳು. ಮತ್ತೆ ತಿಳಿಯೇ. ಬಾವಿಯಲ್ಲಿ ಬಣ್ಣ ಕಾಣಿಸುವುದಿರಲಿ, ಸಾಹೇಬನ ಮುಖದ ಬಣ್ಣವೇ ಹಾರಿದೆ ಎಂದು ಯಾರೋ ಹಿಂದಿನಿಂದ ಅಂದರು. ಕೆಲವರು ನಕ್ಕರು.

ಹೊತ್ತು ಬಾಗಿತು. ಸೆಕೆಗೆ ಉಸಿರು ಕಟ್ಟುವಂತಾಯಿತು. ಮನ್ಮಥಪ್ಪ ಹುಣಸೆ ಮರದ ಬೇರಿನ ಮೇಲೆ ನಿಂತು ಪಡುವಣ ದಿಕ್ಕಿಗೆ ಕಣ್ಣು ನೆಟ್ಟಿದ್ದ. ಮೊದಲು ಏನೂ ಇರಲಿಲ್ಲ. ಆಮೇಲೆ ಘಾಟಿನ ತಲೆಯಿಂದ ಬೂದು ಬಣ್ಣದ ಒಂದು ಎಳೆ ಎದ್ದಿತು. ಗಾಳಿಯಿಲ್ಲದ ಬಾನಿನಲ್ಲಿ ಅದು ನೆಟ್ಟ ಕೋಲಿನಂತೆ ಮೇಲೇರಿತು.

ಹಾವಗೆಪ್ಪನ ಹೊಗೆ. ಈ ಸಲ ಸುದ್ದಿ ಸುಳ್ಳಲ್ಲ.

ರಶೀದ ಅಹ್ಮದನೂ ನೋಡಿದ. ಬಾವಿಯ ಕಟ್ಟೆಗೆ ಒರಗಿ ಕುಸಿದವನಂತೆ ಕುಳಿತ. ನಡುವೆ ಬಂಡೆ ಎಲ್ಲಿ ಒಡೆದಿದೆಯೋ, ನೀರು ಯಾವ ಕಡೆ ತಿರುಗಿತೋ, ತನ್ನ ಅಂದಾಜೇ ತಪ್ಪಿರಬೇಕು ಎಂದು ತೊದಲಿದ. ತಣ್ಣನೆಯ ಗಾಳಿ ಒಂದು ಸಲ ಓಣಿಯ ತುಂಬ ಹಾದು ಹೋಯಿತು. ಹೆಂಗಸರು ಒಣಹಾಕಿದ ಕುಳ್ಳು ಎತ್ತಲು ಓಡಿದರು.

ಇವಾಂಜಲಿನ ಮಾತ್ರ ಹಗ್ಗ ಬಿಡಲಿಲ್ಲ. ಮತ್ತೊಂದು ಕೊಡ ಸೇದಿದಳು. ಬೋಗುಣಿಗೆ ಸುರಿದಳು. ಬಗ್ಗಿದವಳು ಮೇಲೇಳಲಿಲ್ಲ.

"ಅಮೀನ ಸಾಹೇಬ್ರ," ಎಂದಳು ಮೆಲ್ಲಗೆ. "ಸ್ವಲ್ಪ ಇಲ್ಲಿ ಬರ್ರಿ."

ಬಿಳಿಯ ಬೋಗುಣಿಯ ತಳದಲ್ಲಿ ಎಳೆ ಜೋಳದ ಸುಳಿಯಷ್ಟು ತಿಳಿ ಹಸಿರು. ಮನ್ಮಥಪ್ಪ ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಮುಂದಿನ ಕೊಡ ಬಂದಾಗ ಸಂಶಯಕ್ಕೆ ಜಾಗವೇ ಉಳಿಯಲಿಲ್ಲ. ಗಿಳಿಹಸಿರು. ಮೋಡದ ಕಪ್ಪು ನೆರಳಿನಲ್ಲಿ ಅದು ಒಳಗೆ ದೀಪ ಹಚ್ಚಿಟ್ಟಂತೆ ಹೊಳೆಯಿತು.

ನಗುತ್ತಿದ್ದವರು ಕಟ್ಟೆಯ ಹತ್ತಿರಕ್ಕೆ ಒತ್ತಿ ಬಂದರು. ಹೋದ ವರ್ಷ ಮೊಮ್ಮಗನನ್ನು ಕಳೆದುಕೊಂಡಿದ್ದ ಮುದುಕಿಯೊಬ್ಬಳು ಮುಂದೆ ಬಂದು ಬೋಗುಣಿಯಲ್ಲಿ ಇಣುಕಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ರಶೀದ ಅಹ್ಮದ ಎರಡೂ ಕೈಗಳನ್ನು ಬೋಗುಣಿಯಲ್ಲಿ ಮುಳುಗಿಸಿ ಹಾಗೇ ಇಟ್ಟುಕೊಂಡ. ಅವನು ನಗುತ್ತಿದ್ದನೋ ಅಳುತ್ತಿದ್ದನೋ ಹೇಳುವುದು ಕಷ್ಟವಿತ್ತು.

ಇವಾಂಜಲಿನಳಿಗೆ ಸಂಭ್ರಮ ಪಡಲು ಪುರುಸೊತ್ತಿರಲಿಲ್ಲ. ಬಾವಿಯ ಹಗ್ಗ ಬಿಚ್ಚಿಸಿದಳು, ರಾಟೆ ಇಳಿಸಿದಳು, ಮನೆಮನೆಯ ಕೊಡದ ನೀರು ಚೆಲ್ಲಿಸಲು ಹೆಂಗಸರನ್ನು ಅಟ್ಟಿದಳು. ನೀರಿಗೆ ಎಲ್ಲಿಗೆ ಹೋಗಬೇಕೆಂದು ಒಬ್ಬಳು ಕೇಳಿದಾಗ ಗುಂಪಿನ ಹಿಂದಿನಿಂದ ಶಿವರಾಜಪ್ಪ ಮುಂದೆ ಬಂದ. ತನ್ನ ತೋಟದ ಬಾವಿ ಗುಂಡಿಗಿಂತ ಎತ್ತರದಲ್ಲಿದೆ, ಈ ಹೊತ್ತಿನಿಂದಲೇ ಓಣಿಯವರು ಸೇದಿಕೊಳ್ಳಲಿ, ಬಂಡಿ ಕಟ್ಟಿಸಿ ತಾನೇ ನೀರು ಕಳಿಸುತ್ತೇನೆ ಎಂದ. ಗುಂಡಿಯನ್ನು ಮಳೆ ಬೀಳುವುದರೊಳಗೆ ಮುಚ್ಚಿಸಲು ಆಳುಗಳು ಆಗಲೇ ಗುದ್ದಲಿ ಹಿಡಿದಿದ್ದರು. ಮುದುಕನ ಮುಖದಲ್ಲಿ ಅಳುಕಿತ್ತು. ಆದರೆ ಬೆನ್ನು ನೆಟ್ಟಗಾಗಿತ್ತು.

ಮೊದಲ ಹನಿಗಳು ಧೂಳಿನಲ್ಲಿ ದುಡ್ಡಿನಗಲ ಬಿದ್ದವು. ಮಣ್ಣಿನ ವಾಸನೆ ಎದ್ದಿತು. ಈ ವರ್ಷ ಈ ಓಣಿಯಲ್ಲಿ ಮಳೆಗೆ ಹೆದರುವ ಕಾರಣವಿಲ್ಲ ಎಂದು ಮನ್ಮಥಪ್ಪ ಅಂದುಕೊಂಡ. ಬಹಳ ದಿನಗಳ ಮೇಲೆ ಅವನಿಗೆ ಎದೆ ಹಗುರಾಯಿತು.

ಆಗ ಓಣಿಯ ತುದಿಯಿಂದ ಕಪ್ಪು ಬುರ್ಖಾದ ಒಬ್ಬ ಹೆಂಗಸು ಬಿರುಸಾಗಿ ಬಂದಳು. ಕೈಯಲ್ಲಿ ಮುಚ್ಚಳ ಹಾಕಿದ ಹಿತ್ತಾಳೆಯ ತಂಬಿಗೆ. ನೇರ ಮನ್ಮಥಪ್ಪನ ಮುಂದೆ ನಿಂತು ಮುಚ್ಚಳ ತೆಗೆದಳು. ಒಳಗಿನ ನೀರು ಬೋಗುಣಿಯ ನೀರಿಗಿಂತಲೂ ಗಾಢ ಹಸಿರಾಗಿತ್ತು.

"ಇದು ಬೇಗಂ ಸಾಹೇಬರ ಹವೇಲಿ ನೀರು ಅದರಿ. ಒಳಗಿನ ಬಾವೀದು."

ಹವೇಲಿಯ ಒಳಗೊಂದು ಬಾವಿ ಇದೆ ಎಂಬುದೇ ಯಾರಿಗೂ ಗೊತ್ತಿರಲಿಲ್ಲ. ಸುಟ್ಟುಹೋದ ನಕಾಶೆಯಲ್ಲೂ ಅದು ಇರಲಿಲ್ಲ. ಮನ್ಮಥಪ್ಪ ಲೆಕ್ಕ ಹಾಕಿದ. ಆ ಬಾವಿಗೆ ಹೊಲಸು ಇಳಿಯುವುದಾದರೆ ಹೋದ ವರ್ಷ ಹವೇಲಿಯಲ್ಲೂ ಸಾವಾಗಬೇಕಿತ್ತು. ಅಲ್ಲಿ ಒಬ್ಬರಿಗೂ ತಲೆನೋವು ಕೂಡ ಬಂದಿರಲಿಲ್ಲ.

ಅದನ್ನೇ ಕೇಳಿದ. ಹೆಂಗಸು ದನಿ ತಗ್ಗಿಸಿದಳು. ಆ ಬಾವಿಯ ನೀರು ಯಾರೂ ಕುಡಿಯುತ್ತಿರಲಿಲ್ಲ ಎಂದಳು. ಹೋದ ವರ್ಷ ರೋಗ ಕಾಣಿಸುವ ಮೊದಲೇ, ಇನ್ನೂ ಬಿಸಿಲು ಉರಿಯುತ್ತಿದ್ದಾಗಲೇ, ಬೇಗಂ ಅದಕ್ಕೆ ಕಲ್ಲುಚಪ್ಪಡಿ ಮುಚ್ಚಿಸಿದ್ದರು. ಇವತ್ತು ಮುಸಾಫರಖಾನೆಯ ಗುಂಡಿಗೆ ಬಣ್ಣ ಸುರಿದ ಸುದ್ದಿ ಕೇಳಿ ಬೆಳ್ಳಿ ಹಲ್ಲಿನ ಗುಮಾಸ್ತ ಓಡಿ ಬಂದು ಚಪ್ಪಡಿ ಸರಿಸಿ ನೋಡಿದ. ಅವನ ಬೆನ್ನು ತಿರುಗಿದಾಗ ತಾನು ತಂಬಿಗೆಗೆ ಹಗ್ಗ ಕಟ್ಟಿ ಮುಳುಗಿಸಿದೆ ಎಂದಳು.

"ನನ್ನ ತಂಗಿ ಈ ಓಣಿಯಾಗ ಸತ್ತಳ್ರಿ. ಬೇಗಂ ಸಾಹೇಬರಿಗಿ ಮೊದಲೇ ಗೊತ್ತಿತ್ತು ಅಂದ್ರ, ನಮಗ ಯಾಕ ಹೇಳ್ಲಿಲ್ರಿ?"

ಮಳೆ ಜೋರಾಯಿತು. ಮನ್ಮಥಪ್ಪ ಅವಳನ್ನು ಹುಣಸೆ ಮರದ ಕೆಳಗೆ ಕರೆದ.

"ಬಾವಿ ಮುಚ್ಚಸ್ರಿ ಅಂತ ಬೇಗಂ ಸಾಹೇಬರಿಗಿ ಹೇಳಿದಾಂವ ಯಾರು?"

ಅವಳ ಜಾಲರಿಯ ಹಿಂದಿನ ಕಣ್ಣುಗಳು ಅಮೀನನ ಭುಜದಾಚೆ ಯಾರನ್ನೋ ನೋಡುತ್ತಿದ್ದವು. ಮನ್ಮಥಪ್ಪ ತಿರುಗಿದ.

ರಶೀದ ಅಹ್ಮದ ಮಳೆಯಲ್ಲಿ ನೆನೆಯುತ್ತ ಅಲ್ಲಿಯೇ ನಿಂತಿದ್ದ. ಮೊಣಕೈಯ ತನಕ ಅವನ ತೋಳು ಹಸಿರಾಗಿತ್ತು. ಬೀದರಕ್ಕೆ ಇದೇ ಮೊದಲ ಸಲ ಬರುತ್ತಿದ್ದೇನೆಂದು, ಬಂಗಲೆಯ ಹಾದಿ ಯಾವುದೆಂದು, ಬಂದ ದಿನ ಅಮೀನನನ್ನೇ ಕೇಳಿದ್ದ ಮನುಷ್ಯ. ಅವನು ಓಡಲಿಲ್ಲ, ಮುಖ ಮರೆಸಲಿಲ್ಲ. ಬಹಳ ದಣಿದವನ ದನಿಯಲ್ಲಿ, ಬುರ್ಖಾ ತೊಟ್ಟ ಆ ಹೆಂಗಸನ್ನು ಕೇಳಿದ:

"ಬೇಗಂ ಸಾಹೇಬರು ಆರಾಮ ಇದ್ದಾರೇನು, ಗೌಹರ?"

ಅವಳು ತನ್ನ ಹೆಸರನ್ನು ಅಲ್ಲಿ ಯಾರಿಗೂ ಹೇಳಿರಲಿಲ್ಲ. ಹೋದ ಬೇಸಿಗೆಯಲ್ಲಿ ಹವೇಲಿಯ ಬಾವಿ ಮುಚ್ಚಿಸಲು ಹೇಳಿದ್ದು ಯಾರೆಂದು ಮನ್ಮಥಪ್ಪ ಮತ್ತೆ ಕೇಳಬೇಕಾಗಿರಲಿಲ್ಲ.